ಪ್ರಯಾಣಕ್ಕೆ ಹಗುರ ಬಿಸಿಡಿ: ಜಾಕೆಟ್ಟೋ, ಟ್ರಾವೆಲ್ ಬಿಸಿಡಿಯೋ, ವಿಂಗೋ?

ಸ್ಕೂಬಾ ಕಲಿತು ಕಾರ್ಡ್ ಕೈಗೆ ಬಂದ ಮೇಲೆ ತಲೆಗೆ ಬರುವ ಮೊದಲ ದೊಡ್ಡ ಖರ್ಚು ಬಿಸಿಡಿ, ಅಂದರೆ ಬಾಯನ್ಸಿ ಕಂಟ್ರೋಲ್ ಡಿವೈಸ್. ಸಿಲಿಂಡರನ್ನು ಬೆನ್ನಿಗೆ ಹಿಡಿದಿಡುವ, ಗಾಳಿ ತುಂಬಿದರೆ ತೇಲಿಸುವ, ಬಿಟ್ಟರೆ ಇಳಿಸುವ ಅಂಗಿ ಅದು. ಬಾಡಿಗೆಗೆ ಸಿಗುವುದು ಒಂದು ಸಲ ಸಡಿಲ, ಇನ್ನೊಂದು ಸಲ ಬಿಗಿ, ಮತ್ತೊಂದು ಸಲ ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿ ಒತ್ತಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸ್ವಂತದ್ದು ಒಂದಿರಲಿ ಅನ್ನಿಸುವುದು ಸಹಜ.

ಚಿಕ್ಕಬಳ್ಳಾಪುರದಿಂದ ಯಾವ ದಿಕ್ಕಿಗೆ ಹೋದರೂ ಸಮುದ್ರ ದೂರವೇ. ಆದರೆ ದೇವನಹಳ್ಳಿ ವಿಮಾನ ನಿಲ್ದಾಣ ಬೆಂಗಳೂರಿನ ಎಷ್ಟೋ ಬಡಾವಣೆಗಳಿಗಿಂತ ನಮಗೇ ಹತ್ತಿರ. ಹೆದ್ದಾರಿ 44ರಲ್ಲಿ ಮೂವತ್ತು ಕಿಲೋಮೀಟರ್ ಆಸುಪಾಸು, ಅಷ್ಟೇ. ಹಾಗಾಗಿ ನಮ್ಮ ಕಡೆ ಡೈವ್ ಮಾಡುವವರಿಗೆ ಎರಡು ದಾರಿ. ಒಂದು, ಕಾರಲ್ಲೋ ಬಸ್ಸಲ್ಲೋ ರೈಲಲ್ಲೋ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ. ಇನ್ನೊಂದು, ವಿಮಾನ ಹತ್ತಿ ಅಂಡಮಾನ್, ಲಕ್ಷದ್ವೀಪ ಅಥವಾ ಹೊರದೇಶಕ್ಕೆ. ಯಾವ ಬಿಸಿಡಿ ತಗೊಳ್ಳಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ. ವರ್ಷಕ್ಕೊಮ್ಮೆ ನೇತ್ರಾಣಿಗೆ ಮಾತ್ರ ಹೋಗುವವರು ಹಗುರದ್ದಕ್ಕೆ ಅಂತ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ಕಾರಿನ ಡಿಕ್ಕಿಯಲ್ಲಿ ಯಾರೂ ತೂಕ ಕೇಳುವುದಿಲ್ಲ. ಗಟ್ಟಿಯಾದ, ಮೈಗೆ ಸರಿಯಾಗಿ ಕೂರುವ ಮಾಮೂಲಿ ಜಾಕೆಟ್ ಸಾಕು.

ಮುಂದಿನದೆಲ್ಲ ವಿಮಾನ ಹತ್ತುವವರಿಗೆ.

ಶಿಡ್ಲಘಟ್ಟದ ಒಬ್ಬ ಹುಡುಗ ಇತ್ತೀಚೆಗೆ ಕೇಳಿದ: "ಅಣ್ಣ, ಎರಡು ಕಿಲೋದ್ದು ಒಂದು ನೋಡಿದೀನಿ, ಅದನ್ನೇ ತಗೊಂಡುಬಿಡ್ತೀನಿ, ಮುಗೀತಲ್ವಾ?" ಮುಗಿಯಲ್ಲ. ಬಿಸಿಡಿಗೆ ಎರಡು ತೂಕ ಇದೆ. ವಿಮಾನ ನಿಲ್ದಾಣದ ತಕ್ಕಡಿ ಮೇಲಿನದು ಒಂದು, ನೀರಿನೊಳಗಿನದು ಇನ್ನೊಂದು. ಮೊದಲನೆಯದನ್ನು ಕಂಪನಿಯವರು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಎರಡನೆಯದನ್ನು ನಾವೇ ವಿಚಾರಿಸಿಕೊಳ್ಳಬೇಕು. ಎರಡೂ ಗೊತ್ತಾದ ಮೇಲೆ ಆಯ್ಕೆ ಬಹಳ ಸಲೀಸು.

ಮೊದಲು ಬ್ಯಾಗಿನ ಲೆಕ್ಕ

ದೇಶದೊಳಗಿನ ವಿಮಾನದಲ್ಲಿ ಮಾಮೂಲಿ ಟಿಕೆಟ್ಟಿಗೆ 15 ಕಿಲೋ ಚೆಕ್-ಇನ್, 7 ಕಿಲೋ ಕೈಚೀಲ. ಇದರಲ್ಲಿ ಡೈವಿಂಗ್ ಸಾಮಾನು ಎಷ್ಟು ತಿನ್ನುತ್ತದೆ ನೋಡಿ. ಮಾಮೂಲಿ ಜಾಕೆಟ್ ಬಿಸಿಡಿ 3.5ರಿಂದ 4.5 ಕಿಲೋ. ಉಸಿರಾಡುವ ರೆಗ್ಯುಲೇಟರ್ ಸೆಟ್ಟು, ಆಕ್ಟೋಪಸ್ ಅನ್ನುವ ಹೆಚ್ಚುವರಿ ಬಾಯಿತುಂಡು, ಗೇಜು ಎಲ್ಲ ಸೇರಿ ಎರಡು ಕಿಲೋ ದಾಟುತ್ತದೆ. ಫಿನ್ಸ್ ಒಂದೂವರೆಯಿಂದ ಮೂರು ಕಿಲೋ. 3 ಮಿಲಿಮೀಟರ್ ವೆಟ್‌ಸೂಟ್ ಹತ್ತಿರ ಹತ್ತಿರ ಎರಡು. ಮಾಸ್ಕ್, ಟಾರ್ಚ್, ಬೂಟು, ಮೇಲ್ಮೈಗೆ ಬಿಡುವ ಸಿಗ್ನಲ್ ಬಲೂನು ಅಂತ ಇನ್ನೊಂದೂವರೆ. ಹತ್ತು ಕಿಲೋ ಇದರಲ್ಲೇ ಹೋಯಿತು. ಖಾಲಿ ಬ್ಯಾಗೇ ಮೂರು ಕಿಲೋ ಇದ್ದರೆ ಬಟ್ಟೆಗೆ ಜಾಗ ಎಲ್ಲಿ?

ಇಲ್ಲಿ ಒಂದು ಮಾತು ಹೇಳಲೇಬೇಕು. ಬಿಸಿಡಿ ಬದಲಿಸಿದರೆ ಉಳಿಯುವುದು ಒಂದೂವರೆ, ಜಾಸ್ತಿ ಅಂದರೆ ಎರಡು ಕಿಲೋ. ಗಟ್ಟಿ ರಬ್ಬರಿನ ಭಾರದ ಫಿನ್ಸ್ ಬಿಟ್ಟು ಹಗುರ ಪ್ಲಾಸ್ಟಿಕ್ಕಿನದು ತಗೊಂಡರೂ ಒಂದು ಕಿಲೋ ಮೇಲೆ ಉಳಿಯುತ್ತದೆ, ಅದೂ ಬಿಸಿಡಿಯ ಕಾಲುಭಾಗ ದುಡ್ಡಿನಲ್ಲಿ. ಚಕ್ರದ ಸೂಟ್‌ಕೇಸ್ ಬಿಟ್ಟು ಡಫಲ್ ಬ್ಯಾಗ್ ಹಿಡಿದರೆ ಇನ್ನೂ ಎರಡು ಕಿಲೋ. ಆದ್ದರಿಂದ ಏನಾದರೂ ಕೊಳ್ಳುವ ಮುಂಚೆ ಈಗಿರುವ ಸಾಮಾನನ್ನೆಲ್ಲ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಒಂದೊಂದಾಗಿ ಇಟ್ಟು ಬರೆದುಕೊಳ್ಳಿ. ಯಾವುದು ಭಾರ ಅಂತ ಅಂದುಕೊಂಡಿದ್ದೀರೋ ಅದೇ ಆಗಿರಬೇಕೆಂದಿಲ್ಲ.

ಇನ್ನೊಂದು ಗಮನಿಸಿ, ಹೋಗುವಾಗಿನ ತೂಕವೇ ಬೇರೆ, ಬರುವಾಗಿನ ತೂಕವೇ ಬೇರೆ. ದಪ್ಪ ಫೋಮ್ ಹಾಕಿದ ಜಾಕೆಟ್ಟು ನೀರು ಕುಡಿದು ಕೂತಿರುತ್ತದೆ. ಭುಜದ ಪಟ್ಟಿ, ಬೆನ್ನಿನ ಮೆತ್ತೆ, ಜೇಬಿನ ಒಳಪದರ ಎಲ್ಲ ಒದ್ದೆ. ದ್ವೀಪದ ತೇವದ ಗಾಳಿಯಲ್ಲಿ ರಾತ್ರಿಯೆಲ್ಲ ನೇತುಹಾಕಿದರೂ ಬೆಳಗ್ಗೆ ಮುಟ್ಟಿದರೆ ತಣ್ಣಗಿರುತ್ತದೆ. ಟ್ರಾವೆಲ್ ಬಿಸಿಡಿಯ ನಿಜವಾದ ಲಾಭ ನನಗೆ ಕಾಣುವುದು ಇಲ್ಲಿ. ಮೆತ್ತೆ ಕಮ್ಮಿ, ಬಟ್ಟೆ ತೆಳು, ಬೇಗ ಒಣಗುತ್ತದೆ. ಬರುವಾಗಲೂ ಹೋಗುವಾಗಿನಷ್ಟೇ ತೂಗುತ್ತದೆ. ವಾಪಸು ಬರುವಾಗ ಕೌಂಟರಿನಲ್ಲಿ ಹೆಚ್ಚುವರಿ ತೂಕಕ್ಕೆ ದುಡ್ಡು ಕಟ್ಟುವ ತಾಪತ್ರಯ ತಪ್ಪುತ್ತದೆ.

ಒಣಗಿಸಲು ಸಮಯ ಹೇಗೂ ಸಿಗುತ್ತದೆ. ಕೊನೆಯ ಡೈವ್ ಆದ ತಕ್ಷಣ ವಿಮಾನ ಹತ್ತುವಂತಿಲ್ಲ ಅಲ್ವಾ? ಡೈವರ್‌ಗಳ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಪ್ರಕಾರ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ದಿನಕ್ಕೆ ಹಲವು ಡೈವ್ ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಮೇಲೇರುವಾಗ ನಡುನಡುವೆ ನಿಂತು ಬರಲೇಬೇಕಾದ ಡಿಕಂಪ್ರೆಶನ್ ಡೈವ್ ಆದರೆ ಅದಕ್ಕಿಂತಲೂ ಜಾಸ್ತಿ. ಇದು ವಿಮಾನಕ್ಕೆ ಮಾತ್ರ ಅಂದುಕೊಳ್ಳಬೇಡಿ. ನೇತ್ರಾಣಿಯಿಂದ ಬಂದು ಸಂಜೆಯೇ ಬಸ್ ಹತ್ತಿ ಘಾಟಿ ಏರುವವರಿದ್ದಾರೆ. ಈ ಸಲಹೆ ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆ ಹೇಳಿದ್ದು, ನಮ್ಮ ಊರು ಇರುವುದು ಸುಮಾರು 900 ಮೀಟರಿನಲ್ಲಿ. ಒಂದು ರಾತ್ರಿ ಮುರುಡೇಶ್ವರದಲ್ಲೇ ಉಳಿದು ಸಾಮಾನು ಒಣಗಿಸಿಕೊಂಡು ಹೊರಡಿ. ದಯವಿಟ್ಟು.

ನೀರಿನೊಳಗಿನ ತೂಕ

ಫೋಮು, ಮೆತ್ತೆ, ಪ್ಲಾಸ್ಟಿಕ್ ಎಲ್ಲ ತೇಲುವ ವಸ್ತುಗಳು. ದಪ್ಪ ಮೆತ್ತೆಯ ಜಾಕೆಟ್ಟನ್ನು ಗಾಳಿಯೆಲ್ಲ ತೆಗೆದು ನೀರಿಗೆ ಬಿಟ್ಟರೂ ಸುಲಭಕ್ಕೆ ಮುಳುಗುವುದಿಲ್ಲ. ಅದನ್ನು ಮುಳುಗಿಸಲು ನೀವು ಸೀಸ ಹೊರಬೇಕು. ನಮ್ಮ ಬಿಸಿನೀರಿನ ಸಮುದ್ರಗಳಲ್ಲಿ 3 ಮಿಲಿಮೀಟರ್ ಸೂಟು, ಅಲ್ಯೂಮಿನಿಯಂ ಸಿಲಿಂಡರ್ ಇಟ್ಟುಕೊಂಡು ಸಾಧಾರಣ ಮೈಕಟ್ಟಿನವರು 4ರಿಂದ 6 ಕಿಲೋ ಸೀಸ ಹಾಕಿಕೊಳ್ಳುತ್ತಾರೆ. ಇದರಲ್ಲಿ ಒಂದು ಭಾಗ ಬಿಸಿಡಿಯನ್ನು ಮುಳುಗಿಸಲಿಕ್ಕೇ ಹೋಗುತ್ತದೆ.

ಸೀಸವನ್ನು ಯಾರೂ ಮನೆಯಿಂದ ಒಯ್ಯುವುದಿಲ್ಲ. ಡೈವ್ ಶಾಪಿನವರೇ ಕೊಡುತ್ತಾರೆ. ಹಾಗಾದರೆ ಚಿಂತೆ ಏಕೆ? ಏಕೆಂದರೆ ಹೆಚ್ಚು ಸೀಸ ಅಂದರೆ ಕೆಳಗೆ ಹೋದ ಮೇಲೆ ಬ್ಲಾಡರಿಗೆ, ಅಂದರೆ ಬಿಸಿಡಿಯ ಗಾಳಿಚೀಲಕ್ಕೆ, ಹೆಚ್ಚು ಗಾಳಿ. ಹೆಚ್ಚು ಗಾಳಿ ಅಂದರೆ ಒಂದು ಮೀಟರ್ ಮೇಲೆ ಕೆಳಗೆ ಆದರೂ ಅದು ಹಿಗ್ಗುವುದು ಕುಗ್ಗುವುದು ಜಾಸ್ತಿ. ಹವಳದ ಮೇಲೆ ನಿಶ್ಚಲವಾಗಿ ನಿಲ್ಲಲು ಆಗದೆ ಒದ್ದಾಡುವ ಎಷ್ಟೋ ಹೊಸಬರ ತೊಂದರೆ ಇದೇ. ಕೈಕಾಲು ಬಡಿದು ಹವಳ ಮುರಿಯುತ್ತದೆ, ಗಾಳಿಯೂ ಬೇಗ ಖಾಲಿಯಾಗುತ್ತದೆ. ಒಳ್ಳೆಯ ಹಗುರ ಬಿಸಿಡಿ ಎರಡೂ ಕಡೆ ಹಗುರ ಮಾಡಬೇಕು. ಅದಕ್ಕೇ ಕೊಳ್ಳುವಾಗ ಅಂಗಡಿಯವರನ್ನು ಇದೊಂದು ಪ್ರಶ್ನೆ ಕೇಳಿ: ಗಾಳಿ ತೆಗೆದ ಮೇಲೆ ಇದು ತಾನಾಗಿ ಮುಳುಗುತ್ತದೆಯೋ ಇಲ್ಲವೋ? ಉತ್ತರ ಸಿಗದಿದ್ದರೆ ನೀರಿನ ತೊಟ್ಟಿಗೆ ಹಾಕಿ ತೋರಿಸಿ ಅನ್ನಿ.

ಇನ್ನು ಎತ್ತುವ ಶಕ್ತಿ, ಅಂದರೆ ಲಿಫ್ಟ್. ಟ್ರಾವೆಲ್ ಬಿಸಿಡಿ ಚಿಕ್ಕದು, ನನ್ನನ್ನು ತೇಲಿಸುತ್ತದೋ ಇಲ್ಲವೋ ಅಂತ ಹೆದರುವವರು ಬಹಳ. ಲೆಕ್ಕ ಹಾಕೋಣ. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿಗೆ 200 ಬಾರ್ ತುಂಬಿದರೆ ಒಳಗೆ ಸುಮಾರು 2200 ಲೀಟರ್ ಗಾಳಿ. ಗಾಳಿ ಒಂದು ಲೀಟರಿಗೆ 1.2 ಗ್ರಾಂ ಅಂತಿಟ್ಟುಕೊಂಡರೆ ಎರಡೂವರೆ ಕಿಲೋಗೆ ಚೂರು ಮೇಲೆ. ಡೈವ್ ಶುರುವಿನಲ್ಲಿ ನೀವು ಅಷ್ಟು ಭಾರ, ಕೊನೆಗೆ ಅದರಲ್ಲಿ ಬಹುಪಾಲು ಇಲ್ಲ. ಆಳಕ್ಕೆ ಹೋದಾಗ 3 ಮಿಲಿಮೀಟರ್ ಸೂಟು ಕುಗ್ಗಿ ತೇಲುವ ಗುಣ ಕಳೆದುಕೊಳ್ಳುವುದಕ್ಕೆ ಎರಡು ಕಿಲೋ ಇಡಿ. ಮೇಲೆ ಬಂದು ತಲೆ ನೀರಿನಿಂದ ಆಚೆ ಇಟ್ಟುಕೊಳ್ಳಲು ನಾಲ್ಕೈದು ಕಿಲೋ. ಎಲ್ಲ ಕೂಡಿಸಿದರೂ ಒಂಬತ್ತು ಹತ್ತು ದಾಟುವುದಿಲ್ಲ. ಅದೂ ಈ ಮೂರೂ ಒಂದೇ ಹೊತ್ತಿಗೆ ಬರುವುದಿಲ್ಲ, ಸೂಟು ಕುಗ್ಗುವುದು ಕೆಳಗೆ, ತಲೆ ಎತ್ತುವುದು ಮೇಲೆ. ಟ್ರಾವೆಲ್ ಬಿಸಿಡಿಗಳಲ್ಲಿ ಮೀಡಿಯಂ ಅಳತೆಯದು ಸಾಮಾನ್ಯವಾಗಿ 10ರಿಂದ 13 ಕಿಲೋ ಎತ್ತುತ್ತದೆ. ಕೆಲವರು ನ್ಯೂಟನ್‌ನಲ್ಲಿ ಬರೆದಿರುತ್ತಾರೆ, 100 ನ್ಯೂಟನ್ ಅಂದರೆ ಹತ್ತು ಕಿಲೋ ಅಂತ ತಿಳಿಯಿರಿ. ಪೌಂಡಿನಲ್ಲಿದ್ದರೆ 30 ಪೌಂಡ್ ಅಂದರೆ ಹದಿಮೂರೂವರೆ ಕಿಲೋ. ಬಿಸಿನೀರಿಗೆ ಧಾರಾಳ ಸಾಕು. ದಪ್ಪ ಸೂಟು, ತಣ್ಣೀರು, ಎರಡು ಸಿಲಿಂಡರ್ ಅನ್ನುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ದೊಡ್ಡದೇ ನೋಡಬೇಕು.

ಈಗ ಒಂದೊಂದಾಗಿ

ಜಾಕೆಟ್ ಮಾದರಿಯಲ್ಲಿ ಗಾಳಿ ಬೆನ್ನಿಗೂ ಪಕ್ಕೆಗೂ ಹೊಟ್ಟೆಯ ಸುತ್ತಲೂ ತುಂಬಿಕೊಳ್ಳುತ್ತದೆ. ಕಲಿಯುವಾಗ ಎಲ್ಲರಿಗೂ ಹಾಕುವುದು ಇದನ್ನೇ. ನೀರಿನ ಮೇಲೆ ನೆಟ್ಟಗೆ ನಿಲ್ಲಿಸುತ್ತದೆ, ಮುಖ ಮೇಲಿರುತ್ತದೆ, ಧೈರ್ಯ ಬರುತ್ತದೆ. ಪೂರ್ತಿ ತುಂಬಿದರೆ ಎದೆ ಒತ್ತುತ್ತದೆ, ಅದೊಂದು ಕಿರಿಕಿರಿ. ಇದರಲ್ಲೂ ಹಗುರದ್ದು ಬರುತ್ತದೆ. ಕ್ರೆಸ್ಸಿಯ ಟ್ರಾವೆಲೈಟ್ ಅಂಥದ್ದು, ಬೆನ್ನಿನ ಭಾಗ ಮಡಚಿ ಚಿಕ್ಕದಾಗುತ್ತದೆ, ಸೀಸದ ಜೇಬೂ ಇದೆ. ಜಾಕೆಟ್ಟೇ ರೂಢಿಯಾಗಿರುವವರು, ಹೊಸದನ್ನು ಕಲಿಯುವ ಉಸಾಬರಿ ಬೇಡ ಅನ್ನುವವರು ಈ ಬಗೆಯದನ್ನು ತಗೊಳ್ಳಬಹುದು. ನೀರಿನೊಳಗೆ ಮೈ ಅಡ್ಡವಾಗಿ ನಿಲ್ಲಿಸಲು ಮಾತ್ರ ಇದು ಅಷ್ಟಾಗಿ ಸಹಕರಿಸುವುದಿಲ್ಲ.

ಬೆನ್ನಿಗೆ ಮಾತ್ರ ಗಾಳಿ ತುಂಬುವ ಟ್ರಾವೆಲ್ ಬಿಸಿಡಿ ಎರಡನೆಯದು. ಆಕ್ವಾಲಂಗ್ ಜುಮಾ, ಸ್ಕೂಬಾಪ್ರೊ ಲೈಟ್‌ಹಾಕ್, ಓಷಿಯಾನಿಕ್ ಬಯೋಲೈಟ್ ಈ ಗುಂಪಿನವು. ತೂಕ ಎರಡರಿಂದ ಮೂರು ಕಿಲೋ ಒಳಗೆ. ಎದೆ ಖಾಲಿ, ಉಸಿರಾಟ ಸಲೀಸು, ಕೆಳಗೆ ಮೈ ತಾನಾಗಿ ಅಡ್ಡಕ್ಕೆ ಬರುತ್ತದೆ. ಮೇಲ್ಮೈಯಲ್ಲಿ ಸಿಕ್ಕಾಪಟ್ಟೆ ಗಾಳಿ ತುಂಬಿದರೆ ಮುಖವನ್ನು ಮುಂದಕ್ಕೆ ತಳ್ಳುತ್ತದೆ ಅನ್ನುವುದು ಇದರ ಮೇಲಿನ ದೂರು. ನಿಜವೇ. ಬೇಕಾದಷ್ಟೇ ಗಾಳಿ ತುಂಬಿ ಸ್ವಲ್ಪ ಹಿಂದಕ್ಕೆ ಒರಗಿದರೆ ಸರಿಹೋಗುತ್ತದೆ. ಸೀಸವನ್ನೆಲ್ಲ ಹೊಟ್ಟೆ ಮುಂದೆ ಇಡದೆ ಒಂದು ಭಾಗವನ್ನು ಸಿಲಿಂಡರ್ ಪಟ್ಟಿಗೆ ಹಾಕಿದರೆ ಇನ್ನೂ ಒಳ್ಳೆಯದು.

ಈ ಗುಂಪಿನಲ್ಲಿ ತೂಕ ಇಳಿಸಲು ಕಂಪನಿಯವರು ಏನೇನು ಕಿತ್ತುಹಾಕಿದ್ದಾರೆ ಅನ್ನುವುದನ್ನು ಕಣ್ಣಿಟ್ಟು ನೋಡಬೇಕು. ಕಿತ್ತರೆ ನಷ್ಟವಿಲ್ಲದವು ಕೆಲವು, ಕೀಳಲೇಬಾರದವು ಕೆಲವು. ಗಟ್ಟಿ ಪ್ಲಾಸ್ಟಿಕ್ ಬೆನ್ನುಹಲಗೆ ಹೋಗಿ ಬಟ್ಟೆಯ ಬೆನ್ನು ಬಂದರೆ ಮಡಚಲು ಅನುಕೂಲ, ಆದರೆ ಸಿಲಿಂಡರ್ ಅಲ್ಲಾಡುತ್ತದೆ. ಒಂದೇ ಪಟ್ಟಿ ಇದ್ದರಂತೂ ದೋಣಿಯಿಂದ ಹಿಂದಕ್ಕೆ ಉರುಳಿ ನೀರಿಗೆ ಬಿದ್ದಾಗ ಸಿಲಿಂಡರಿನ ತಲೆ ಕತ್ತಿಗೆ ಬಡಿಯುತ್ತದೆ. ಬಟ್ಟೆ ಬೆನ್ನಿನದಾದರೆ ಪಟ್ಟಿ ಎರಡಿರಲಿ, ಇಲ್ಲವೇ ಮೇಲೆ ಸಿಲಿಂಡರಿನ ಕೊರಳು ಹಿಡಿಯುವ ಕೊರಳಪಟ್ಟಿಯಾದರೂ ಇರಲಿ. ಎರಡನೆಯದು ಗಾಳಿ ಬಿಡುವ ವಾಲ್ವುಗಳು. ಭುಜದ ಹತ್ತಿರ ಒಂದು, ಹಿಂದೆ ಕೆಳಗೆ ಒಂದು ಇರಲೇಬೇಕು. ತಲೆ ಕೆಳಗೆ ಮಾಡಿ ಇಳಿಯುವಾಗ ಗಾಳಿ ಹೋಗಿ ಸೇರಿಕೊಳ್ಳುವುದು ಹಿಂಭಾಗದಲ್ಲೇ, ಅಲ್ಲಿ ವಾಲ್ವ್ ಇಲ್ಲದಿದ್ದರೆ ಹೊರಳಾಡಬೇಕಾಗುತ್ತದೆ. ಅದರ ದಾರ ಎಳೆಯಲು ಕೈ ಸುಲಭವಾಗಿ ಸಿಗುತ್ತದೆಯೇ ಅಂತ ಅಂಗಡಿಯಲ್ಲೇ ಹಾಕಿಕೊಂಡು ನೋಡಿ. ಡಿ-ರಿಂಗುಗಳು ಪ್ಲಾಸ್ಟಿಕ್ಕಿನದಾದರೆ ಟಾರ್ಚ್ ನೇತುಹಾಕಲು ಸಾಕು. ಜೇಬು ಒಂದಾದರೂ ಇರಲಿ, ಸಿಗ್ನಲ್ ಬಲೂನು ಇಡಲು.

ಸೀಸದ ಜೇಬು ಬೇಕೋ ಬೇಡವೋ? ಅದಿದ್ದರೆ ತೂಕ ಮುನ್ನೂರು ನಾನೂರು ಗ್ರಾಂ ಏರುತ್ತದೆ. ಇಲ್ಲದಿದ್ದರೆ ಸೊಂಟಕ್ಕೆ ಬೆಲ್ಟು, ಅದನ್ನು ಡೈವ್ ಶಾಪಿನಲ್ಲೇ ಕೊಡುತ್ತಾರೆ. ನಾನಾದರೆ ಬೆಲ್ಟೇ ಸಾಕು ಅನ್ನುತ್ತೇನೆ. ಸೊಂಟ ನೋವಿರುವವರಿಗೆ ಜೇಬು ವಾಸಿ. ಯಾವುದೇ ಆಗಲಿ, ಅವಸರದಲ್ಲಿ ಒಂದೇ ಕೈಯಲ್ಲಿ ಸೀಸ ಕಳಚಿ ಬಿಸಾಡಲು ಬರಬೇಕು. ಇದರಲ್ಲಿ ರಾಜಿ ಇಲ್ಲ.

ಬಟ್ಟೆಯ ಗಟ್ಟಿತನವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ. ಹಗುರದವು 210ರಿಂದ 420, ಭಾರದವು 1000 ತನಕ. 420 ಇದ್ದರೆ ರಜೆಯಲ್ಲಿ ಹೋಗಿಬರುವವರಿಗೆ ಸಾಕು. ಒಂದೇ ಪದರದ ಬ್ಲಾಡರ್ ಹಗುರ, ಬೇಗ ಒಣಗುತ್ತದೆ, ಆದರೆ ಮೊಳೆಗೋ ಕಪ್ಪೆಚಿಪ್ಪಿಗೋ ತಾಗಿ ಸೀಳಿದರೆ ಆ ಪ್ರವಾಸ ಅಲ್ಲಿಗೆ. ಎರಡು ಪದರದ್ದರಲ್ಲಿ ಹೊರಬಟ್ಟೆ ಪೆಟ್ಟು ತಿನ್ನುತ್ತದೆ, ಒಳಗಿನದು ಉಳಿಯುತ್ತದೆ.

ಮೂರನೆಯದು ಬ್ಯಾಕ್‌ಪ್ಲೇಟ್ ಮತ್ತು ವಿಂಗ್. ನನ್ನ ಮನಸ್ಸು ಇರುವುದು ಇದರ ಕಡೆಗೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ತಗಡು, ಅದಕ್ಕೆ ಪೋಣಿಸಿದ ಒಂದೇ ಉದ್ದನೆಯ ಪಟ್ಟಿ, ಹಿಂದೆ ಕಟ್ಟಿದ ಗಾಳಿಚೀಲ, ಅದೇ ವಿಂಗ್. ಅಷ್ಟೇ. ಮೆತ್ತೆ ಇಲ್ಲ, ಜಿಪ್ಪಿಲ್ಲ, ಕೆಡುವಂಥದ್ದು ಏನೂ ಇಲ್ಲ. ಪಟ್ಟಿ ಸವೆದರೆ ಪಟ್ಟಿ ಬದಲಿಸಿ, ಚೀಲ ಹರಿದರೆ ಚೀಲ ಬದಲಿಸಿ. ಅಳತೆಯ ಚಿಂತೆಯೂ ಇಲ್ಲ, ಪಟ್ಟಿ ಎಳೆದುಕೊಂಡರೆ ಗಂಡನಿಗೂ ಸರಿ, ಹೆಂಡತಿಗೂ ಸರಿ, ಬೆಳೆಯುವ ಮಗನಿಗೂ ಸರಿ. ಬೆನ್ನು ಗಿಡ್ಡ ಇರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮಾಮೂಲಿ ಜಾಕೆಟ್ಟು ನೀರಿನಲ್ಲಿ ಮೇಲಕ್ಕೆ ಜಾರಿ ಕಿವಿ ಮುಟ್ಟುತ್ತದೆ. ಇದರಲ್ಲಿ ಕಾಲಸಂದಿಯ ಪಟ್ಟಿ ಇರುವುದರಿಂದ ಆ ಕಾಟ ಇಲ್ಲ.

ತೂಕ ನೋಡೋಣ. ಸ್ಟೀಲ್ ಪ್ಲೇಟೊಂದೇ ಎರಡೂವರೆಯಿಂದ ಮೂರು ಕಿಲೋ. ಅಲ್ಯೂಮಿನಿಯಂ ಪ್ಲೇಟ್ ಒಂದು ಕಿಲೋ ಒಳಗೆ. ವಿಂಗ್ 1.2ರಿಂದ 1.5. ಪಟ್ಟಿ, ಬಕಲ್, ಲೋಹದ ಡಿ-ರಿಂಗ್ ಸೇರಿ ಮುಕ್ಕಾಲು ಕಿಲೋ. ಸಿಲಿಂಡರ್ ಪಟ್ಟಿಗಳು ಅರ್ಧ ಕಿಲೋ. ಅಲ್ಯೂಮಿನಿಯಂದು ಅಂದರೂ ಮೂರೂವರೆ ಆಯಿತು, ಅಂದರೆ ಹಗುರ ಟ್ರಾವೆಲ್ ಬಿಸಿಡಿಗಿಂತ ಒಂದು ಕಿಲೋ ಜಾಸ್ತಿ. ಲೋಹದ ಪ್ಲೇಟ್ ಬದಲು ಬಟ್ಟೆಯ ಪ್ಲೇಟ್ ಹಾಕಿದರೆ ಇನ್ನೂ ಸ್ವಲ್ಪ ಇಳಿಯುತ್ತದೆ. ಡೈವ್ ರೈಟ್‌ನವರ ಟ್ರಾನ್ಸ್‌ಪ್ಯಾಕ್ ಥರದ ಮೆತ್ತನೆಯ ಹಾರ್ನೆಸ್ ಇದೆ, ಎಕ್ಸ್‌ಡೀಪ್ ಘೋಸ್ಟ್ ಥರದ ಪ್ರಯಾಣಕ್ಕೆಂದೇ ಮಾಡಿದ ಹಗುರ ಸೆಟ್ಟೂ ಇದೆ.

ಇಲ್ಲಿ ಎರಡನೇ ತೂಕ ನೆನಪಿಸಿಕೊಳ್ಳಿ. ಸ್ಟೀಲ್ ಪ್ಲೇಟ್ ನೀರಿನಲ್ಲಿ ತಾನೇ ಎರಡು ಕಿಲೋಗೂ ಮೇಲೆ ಭಾರ, ಅಷ್ಟು ಸೀಸ ಬೆಲ್ಟಿನಿಂದ ಇಳಿಯುತ್ತದೆ. ಮುರುಡೇಶ್ವರಕ್ಕೆ ಕಾರಿನಲ್ಲಿ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ವಿಮಾನದಲ್ಲಿ ಒಯ್ಯುವವರಿಗೆ ಮಾತ್ರ ಇದು ಶುದ್ಧ ನಷ್ಟ, ಡೈವ್ ಶಾಪಿನವರು ಸುಮ್ನೆ ಕೊಡುವ ಸೀಸವನ್ನು ನೀವು ನಿಮ್ಮ ಹದಿನೈದು ಕಿಲೋ ಒಳಗೆ ಹೊತ್ತುಕೊಂಡು ಹೋದ ಹಾಗೆ. ಅಲ್ಯೂಮಿನಿಯಂ ನಡುವಿನ ದಾರಿ. ಅದು ನೀರಿನಲ್ಲಿ ಚೂರು ಮುಳುಗುತ್ತದೆ, ತೇಲುವ ಮೆತ್ತೆ ಇಲ್ಲದ ಕಾರಣ ಜಾಕೆಟ್ಟಿಗೆ ಹೋಲಿಸಿದರೆ ಸೀಸ ಕಮ್ಮಿಯೇ ಬೇಕು. ಪ್ಲೇಟ್ ಎರಡು ಇಟ್ಟುಕೊಂಡು, ರಸ್ತೆಗೆ ಸ್ಟೀಲು, ವಿಮಾನಕ್ಕೆ ಅಲ್ಯೂಮಿನಿಯಂ ಅಂತ ಬದಲಿಸಿಕೊಳ್ಳುವವರೂ ಇದ್ದಾರೆ. ವಿಂಗೂ ಪಟ್ಟಿಯೂ ಅವೇ. ಯಾವ ಜಾಕೆಟ್ಟಿನಲ್ಲೂ ಈ ಅನುಕೂಲ ಇಲ್ಲ.

ಪ್ಲೇಟನ್ನು ಇಲ್ಲೇ ಮಾಡಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಮಾಡಿಸಬಹುದು. ತುಮಕೂರಿನ ವಸಂತನರಸಾಪುರದಲ್ಲೋ ಪೀಣ್ಯದಲ್ಲೋ ಲೇಸರ್ ಕಟಿಂಗ್ ಮಾಡುವವರಿಗೆ ಇದು ದೊಡ್ಡ ಕೆಲಸವಲ್ಲ. ನಡುವಿನ ಎರಡು ತೂತುಗಳ ಅಂತರ 11 ಇಂಚು ಇರಬೇಕು, ಅದು ಎಲ್ಲ ಕಂಪನಿಗಳೂ ಪಾಲಿಸುವ ಅಳತೆ. ಅದಕ್ಕಿಂತ ಮುಖ್ಯ, ಪಟ್ಟಿ ತೂರುವ ಸೀಳುಗಳ ಅಂಚು. ಅಲ್ಲಿ ಬೆರಳಾಡಿಸಿದರೆ ಎಲ್ಲೂ ಕೀಸಬಾರದು. ಅಂಚು ಚೂಪಾಗಿ ಉಳಿದರೆ ನೈಲಾನ್ ಪಟ್ಟಿಯನ್ನು ದಿನಕ್ಕಿಷ್ಟು ಅಂತ ಕೊಯ್ಯುತ್ತಾ ಹೋಗುತ್ತದೆ. ಪಟ್ಟಿ, ಬಕಲ್, ವಿಂಗ್ ಮಾತ್ರ ಡೈವಿಂಗ್‌ಗೆಂದೇ ಮಾಡಿದ್ದನ್ನೇ ಕೊಳ್ಳಿ.

ವಿಂಗಿನ ಕೊರತೆಯನ್ನೂ ಹೇಳಬೇಕಲ್ಲ. ಜೇಬಿಲ್ಲ, ಬೇಕಾದರೆ ತೊಡೆಗೆ ಕಟ್ಟುವ ಜೇಬು ಬೇರೆ ಕೊಳ್ಳಬೇಕು. ಒಂದೇ ಪಟ್ಟಿಯ ಹಾರ್ನೆಸ್ ಹಾಕಿ ತೆಗೆಯಲು ಮೊದಮೊದಲು ಕೈ ಸಿಗುವುದಿಲ್ಲ, ಭುಜ ಹಿಡಿದುಕೊಂಡಿರುವ ವಯಸ್ಸಾದವರಿಗೆ ಕಷ್ಟ. ಪಟ್ಟಿಯ ಅಳತೆ ಕೂರಿಸಲು ತಾಳ್ಮೆ ಬೇಕು, ಗೊತ್ತಿರುವವರು ಒಬ್ಬರು ಪಕ್ಕದಲ್ಲಿದ್ದರೆ ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಆಗುತ್ತದೆ.

ಸಿಲಿಂಡರನ್ನು ಬೆನ್ನಿಗಲ್ಲದೆ ಪಕ್ಕೆಗೆ ಕಟ್ಟಿಕೊಳ್ಳುವ ಸೈಡ್‌ಮೌಂಟ್ ಬಗ್ಗೆ ಒಂದೇ ಮಾತು. ಹಾರ್ನೆಸ್ ಹಗುರ ನಿಜ, ಆದರೆ ಅದಕ್ಕೆ ಬೇರೆ ತರಬೇತಿ ಬೇಕು, ಹೋದ ಕಡೆ ಸಿಲಿಂಡರುಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಡುವವರೂ ಬೇಕು. ಬರೀ ತೂಕ ಉಳಿಸಲು ಅಂತ ಆ ದಾರಿಗೆ ಹೋಗಬೇಡಿ.

ಹಾಗಾದರೆ ಯಾರಿಗೆ ಯಾವುದು?

ಇನ್ನೂ ಹತ್ತಿಪ್ಪತ್ತು ಡೈವ್ ಕೂಡ ಆಗದವರು ಬಿಸಿಡಿಗೇ ಹೋಗಬೇಡಿ. ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಆಮೇಲೆ ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರ್. ಇವೆರಡೂ ಸೇರಿ ಒಂದು ಕಿಲೋ ತೂಗುವುದಿಲ್ಲ, ಮತ್ತು ಬಾಡಿಗೆ ಸಾಮಾನಿನಲ್ಲಿ ಹೆಚ್ಚು ಕೈಕೊಡುವುದೂ ಇವೇ. ಬಾಡಿಗೆಗೆ ಬೇರೆ ಬೇರೆ ಬಿಸಿಡಿ ಸಿಕ್ಕುವುದನ್ನೇ ಅನುಕೂಲ ಮಾಡಿಕೊಳ್ಳಿ, ಪ್ರತಿ ಸಲ ಯಾವ ಮಾದರಿ, ಯಾವ ಅಳತೆ, ಎಷ್ಟು ಸೀಸ ಅಂತ ಲಾಗ್‌ಬುಕ್ಕಿನಲ್ಲಿ ಬರೆಯಿರಿ. ಕೊಳ್ಳುವ ಹೊತ್ತಿಗೆ ಆ ಬರಹಕ್ಕಿಂತ ಒಳ್ಳೆಯ ಸಲಹೆ ಯಾರೂ ಕೊಡಲಾರರು.

ವರ್ಷಕ್ಕೆ ಒಂದೋ ಎರಡೋ ಸಲ ವಿಮಾನ ಹತ್ತಿ ಹೋಗಿ ನಾಲ್ಕೈದು ದಿನ ಡೈವ್ ಮಾಡಿ ಬರುವವರು, ಸಂಸಾರದ ಲಗೇಜೂ ಜೊತೆಗಿರುವವರು, ಬೆನ್ನಿಗೆ ಗಾಳಿ ತುಂಬುವ ಟ್ರಾವೆಲ್ ಬಿಸಿಡಿ ತಗೊಳ್ಳಿ. ಎರಡು ಸಿಲಿಂಡರ್ ಪಟ್ಟಿ ಅಥವಾ ಕೊರಳಪಟ್ಟಿ, ಹಿಂದೆ ಕೆಳಗೆ ವಾಲ್ವ್, 420 ಡೆನಿಯರ್ ಬಟ್ಟೆ, ಎರಡೂವರೆ ಕಿಲೋ ಆಸುಪಾಸು. ಎರಡು ಕಿಲೋಗಾಗಿ ಹಟ ಹಿಡಿದು ವಾಲ್ವು ಪಟ್ಟಿ ಬಿಟ್ಟುಕೊಡಬೇಡಿ. ಅರ್ಧ ಕಿಲೋ ಅಂದರೆ ಒಂದು ಜೀನ್ಸ್ ಪ್ಯಾಂಟು. ಅದನ್ನು ಮನೆಯಲ್ಲಿ ಬಿಟ್ಟು ಹೋಗಿ.

ಇದು ನನ್ನ ಬದುಕಿನ ಭಾಗ, ಹತ್ತು ವರ್ಷವಾದರೂ ಮಾಡುತ್ತೇನೆ ಅನ್ನುವವರು ವಿಂಗಿಗೆ ಹೋಗಿ. ಶುರುವಿಗೆ ಅಲ್ಯೂಮಿನಿಯಂ ಪ್ಲೇಟ್ ಸಾಕು. ಒಂದು ಕಿಲೋ ಜಾಸ್ತಿ ಹೊರುತ್ತೀರಿ, ಅದರ ಬದಲಿಗೆ ಮತ್ತೆಂದೂ ಬಿಸಿಡಿ ಹುಡುಕುವ ಕೆಲಸ ಇರುವುದಿಲ್ಲ.

ಬೆಲೆಯ ವಿಚಾರಕ್ಕೆ ಬಂದರೆ ಯಾವುದೂ ಅಗ್ಗವಲ್ಲ, ಹತ್ತಾರು ಸಾವಿರದ ಮಾತು. ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಸೇರಿ ಮನೆ ಬಾಗಿಲಿಗೆ ಎಷ್ಟಾಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಬೆಂಗಳೂರಿನಲ್ಲೇ ಸಿಗುವ ಕಂಪನಿಯದಾದರೆ ನೂರಿನ್ನೂರು ಗ್ರಾಂ ಜಾಸ್ತಿ ಇದ್ದರೂ ಅದೇ ವಾಸಿ. ಇನ್‌ಫ್ಲೇಟರಿನ ಒಂದು ಓ-ರಿಂಗ್‌ಗೆ ತಿಂಗಳುಗಟ್ಟಲೆ ಕಾಯುವುದು ಬೇಸರದ ಕೆಲಸ. ಕೊಂಡ ಮೇಲೆ ನೇರ ಸಮುದ್ರಕ್ಕೆ ಒಯ್ಯದೆ, ಪರಿಚಯದ ತರಬೇತುದಾರರ ಜೊತೆ ಈಜುಕೊಳದಲ್ಲಿ ಒಮ್ಮೆ ಹಾಕಿ ನೋಡಿ. ಸಿಹಿನೀರು ಸಮುದ್ರದ ನೀರಿನಷ್ಟು ತೇಲಿಸುವುದಿಲ್ಲ, ಹಾಗಾಗಿ ಕೊಳದಲ್ಲಿ ಸಮುದ್ರಕ್ಕಿಂತ ಎರಡು ಕಿಲೋ ಹತ್ತಿರ ಹತ್ತಿರ ಕಮ್ಮಿ ಸೀಸ ಸಾಕು. ಕೊಳದ ಲೆಕ್ಕವನ್ನೇ ಸಮುದ್ರಕ್ಕೆ ಹಿಡಿದುಕೊಂಡು ಹೋದರೆ ಇಳಿಯಲು ಆಗುವುದಿಲ್ಲ.

ನಮ್ಮ ಬೋರ್‌ವೆಲ್ ನೀರಿನ ಬಗ್ಗೆ ಎಚ್ಚರ

ಇದನ್ನು ಕಂಪನಿಯ ಪುಸ್ತಕಗಳಲ್ಲಿ ಬರೆದಿರುವುದಿಲ್ಲ, ನಮ್ಮ ಕಡೆಯವರಿಗೆ ಮಾತ್ರ ಬೇಕಾದ ವಿಷಯ. ಉಪ್ಪುನೀರಿನಲ್ಲಿ ಇಳಿಸಿದ ಬಿಸಿಡಿಯನ್ನು ಸಿಹಿನೀರಿನಲ್ಲಿ ತೊಳೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಚಿಕ್ಕಬಳ್ಳಾಪುರ, ಕೋಲಾರದ ಆಳದ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಬಕೆಟ್ಟಿನ ಅಂಚು ನೋಡಿದರೇ ಗೊತ್ತಾಗುತ್ತದೆ. ಗೀಸರಿನ ಕಾಯಿಲ್ ಮೇಲೆ ಕೂರುವ ಅದೇ ಬಿಳಿ ಪೊರೆ ಇನ್‌ಫ್ಲೇಟರ್ ಗುಂಡಿಯ ಸ್ಪ್ರಿಂಗಿನ ಮೇಲೆ, ವಾಲ್ವಿನ ರಬ್ಬರ್ ಕೂರುವ ಜಾಗದಲ್ಲಿ ಕೂತುಬಿಡುತ್ತದೆ. ಆಮೇಲೆ ಗುಂಡಿ ಅಂಟಿಕೊಳ್ಳುತ್ತದೆ, ವಾಲ್ವು ಸಣ್ಣಗೆ ಗಾಳಿ ಬಿಡುತ್ತದೆ. ಒತ್ತಿದ ಗುಂಡಿ ವಾಪಸು ಬರದಿದ್ದರೆ ಬ್ಲಾಡರ್ ತುಂಬುತ್ತಲೇ ಹೋಗುತ್ತದೆ, ನೀವು ಮೇಲಕ್ಕೆ ಚಿಮ್ಮುತ್ತೀರಿ. ಅದು ಪ್ರಾಣಕ್ಕೇ ಅಪಾಯ.

ಹೀಗೆ ಮಾಡಿ. ಬಾಯಿಂದ ಊದುವ ಕೊಳವೆಯ ಮೂಲಕ ಬ್ಲಾಡರಿಗೆ ಮೂರರಲ್ಲೊಂದು ಭಾಗ ನೀರು ತುಂಬಿ, ಮೇಲೆ ಗಾಳಿ ಊದಿ, ನಾಲ್ಕೂ ಕಡೆ ಅಲ್ಲಾಡಿಸಿ. ತಲೆಕೆಳಗೆ ಹಿಡಿದು ಅರ್ಧ ನೀರು ಕೊಳವೆಯಿಂದ, ಉಳಿದರ್ಧ ಕೆಳಗಿನ ವಾಲ್ವಿನಿಂದ ಬಿಡಿ, ಎರಡೂ ದಾರಿ ತೊಳೆದಂತಾಗುತ್ತದೆ. ಮೊದಲ ಎರಡು ಸಲಕ್ಕೆ ಬೋರ್‌ವೆಲ್ ನೀರು ಪರವಾಗಿಲ್ಲ. ಕೊನೆಯ ಸಲ ಮಾತ್ರ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ 20 ಲೀಟರ್ ಕ್ಯಾನಿನ ನೀರು ಹಾಕಿ. ಗುಂಡಿಗಳ ಮೇಲೂ ಅದನ್ನೇ ಸುರಿದು ಹತ್ತು ಹದಿನೈದು ಸಲ ಒತ್ತಿ ಬಿಡಿ. ಅರ್ಧ ಕ್ಯಾನ್ ಸಾಕು. ಮಳೆಗಾಲದಲ್ಲಿ ಹಿಡಿದ ಮಳೆನೀರಿದ್ದರೆ ಇನ್ನೂ ಒಳ್ಳೆಯದು.

ಒಣಗಿಸುವುದು ನೆರಳಿನಲ್ಲಿ. ನಮ್ಮ ತಾರಸಿ ಬಿಸಿಲಿಗೆ ತೆಳು ಬಟ್ಟೆ ಬಣ್ಣ ಕಳೆದುಕೊಂಡು ಗರಿಗರಿಯಾಗುತ್ತದೆ, ಟ್ರಾವೆಲ್ ಬಿಸಿಡಿಗೆ ಇದು ಜಾಸ್ತಿ ಹಾನಿ. ಒಣಗಿದ ಮೇಲೆ ಸ್ವಲ್ಪ ಗಾಳಿ ಊದಿ, ದಪ್ಪ ಹ್ಯಾಂಗರಿಗೆ ಹಾಕಿ, ಹಳೆಯ ಬೆಡ್‌ಶೀಟ್ ಹೊದಿಸಿ ಇಡಿ. ಮಡಚಿ ಇಡುವುದು ಪ್ರಯಾಣದ ದಿನ ಮಾತ್ರ. ಪಟ್ಟಿಯ ಹೊಲಿಗೆ ಬಿಟ್ಟರೆ ಊರಿನ ಬ್ಯಾಗ್ ರಿಪೇರಿಯವರಲ್ಲಿ ಹಾಕಿಸಬಹುದು, ಆದರೆ ನೀವು ಅಲ್ಲೇ ನಿಂತಿರಿ, ಸೂಜಿ ಬ್ಲಾಡರಿನ ಹತ್ತಿರ ಸುಳಿಯಬಾರದು.

ಹಳೆಯದು ಕೊಳ್ಳುವವರಿಗೆ

ಹಗುರ ಬಿಸಿಡಿಗಳು ಸೆಕೆಂಡ್ ಹ್ಯಾಂಡ್‌ನಲ್ಲೂ ಆಗಾಗ ಬರುತ್ತವೆ, ಒಂದೆರಡು ಪ್ರವಾಸ ಮಾಡಿ ಬಿಟ್ಟವರದು. ತಗೊಳ್ಳಬಹುದು. ಮಡಚುವ ಜಾಗಗಳಲ್ಲಿ ಬಟ್ಟೆ ಬಿಳಿಚಿಕೊಂಡಿದೆಯೇ ನೋಡಿ. ಸುಕ್ಕುಸುಕ್ಕಿನ ಕೊಳವೆಯನ್ನು ಎಳೆದು ಬಗ್ಗಿಸಿ, ಮಡಿಕೆಗಳ ನಡುವೆ ಬಿರುಕಿದ್ದರೆ ಆಗ ಕಾಣುತ್ತದೆ. ವಾಲ್ವ್ ಬಿಚ್ಚಿ ಒಳಗೆ ಮೂಸಿ ನೋಡಿ, ಮುಗ್ಗಲು ವಾಸನೆ ಬಂದರೆ ಒಳಗೆ ನೀರು ನಿಂತು ಬೂಷ್ಟು ಹಿಡಿದಿದೆ ಅಂತಲೇ ಅರ್ಥ. ಕೊನೆಗೆ ಬಿಗಿಯಾಗಿ ಗಾಳಿ ತುಂಬಿ ಒಂದು ರಾತ್ರಿ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಲು ಕೇಳಿ. ನಮ್ಮ ಕಡೆ ಚಳಿಗಾಲದ ಬೆಳಗಿನ ಥಂಡಿಗೆ ಚೂರು ಮೆತ್ತಗಾಗುವುದು ಸಹಜ, ಬಿಸಿಲೇರಿದ ಮೇಲೆ ಮತ್ತೆ ಬಿಗಿಯಾಗುತ್ತದೆ. ಮಧ್ಯಾಹ್ನವಾದರೂ ಜೋತುಬಿದ್ದೇ ಇದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ವಾಲ್ವಿನ ಸುತ್ತ ಬಂದರೆ ರಬ್ಬರ್ ಬದಲಿಸಿದರೆ ಆಯಿತು, ಬೆಲೆಯಲ್ಲಿ ಅಷ್ಟು ಕಮ್ಮಿ ಮಾಡಿಸಿಕೊಳ್ಳಿ. ಬ್ಲಾಡರಿನ ಬೆಸುಗೆಯ ಅಂಚಿನಿಂದ ಬಂದರೆ ವಾಪಸು ಕೊಟ್ಟು ಬನ್ನಿ.